ಐಸಿಯುನಲ್ಲಿರುವ ಮಾವನ ರಕ್ತದ ಕಲ್ಚರ್ ರಿಪೋರ್ಟ್ ತುಂಬಾ ಬರೀ 'ಆರ್'. ಇದು ಆಸ್ಪತ್ರೆಯ ತಪ್ಪಾ? ಬೇರೆ ಕಡೆ ಸಾಗಿಸಬೇಕಾ?

ನಿಮ್ಮ ಮಾವನವರು ಪಾರ್ಶ್ವವಾಯು ಆಗಿ ಮುಂಬೈನ ಐಸಿಯು ಸೇರಿದರು. ಎರಡನೇ ವಾರ ಚಳಿಜ್ವರ ಬಂತು. ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿದೆ, ಮೆರೋಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್ ಕೂಡ ಕೆಲಸ ಮಾಡೋದಿಲ್ಲ ಅಂದಿದ್ದಾರೆ. ಡೊಂಬಿವಲಿಯಿಂದ ದಿನಾ ಓಡಾಡುತ್ತಿರುವ ನಿಮಗೆ ಸಿಟ್ಟು, ಭಯ ಎರಡೂ ಇರೋದು ಸಹಜ.

ನಾನು ಡಾಕ್ಟರ್ ಅಲ್ಲ. ಊರು ಕುಮಟಾ, ಕೆಲಸ ಪರೇಲ್ ಕಡೆ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ. ನಿಮ್ಮ ಕೈಯಲ್ಲಿರುವಂಥ ಕಲ್ಚರ್ ರಿಪೋರ್ಟ್, ಅಂದರೆ ರಕ್ತದ ರೋಗಾಣುವನ್ನು ಬೆಳೆಸಿ ನೋಡಿದ ವರದಿ, ತಯಾರು ಮಾಡುವವಳು. ಯಾವ ಔಷಧ ಕೊಡಬೇಕು ಅಂತ ಹೇಳೋದಿಲ್ಲ. ಆ ಹಾಳೆಯನ್ನು ಹೇಗೆ ಓದಬೇಕು, ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಹೇಳಬಲ್ಲೆ.

'ಆರ್' ಅಂದರೆ ಆ ಔಷಧಕ್ಕೆ ಈ ರೋಗಾಣು ಬಗ್ಗುವುದಿಲ್ಲ, ಅಷ್ಟೇ. ರೋಗಾಣು ಹೆಚ್ಚು ಉಗ್ರ ಅಂತ ಅದರರ್ಥ ಆಗೋದಿಲ್ಲ. ಅಪಾಯ ಇರುವುದು ಸಮಯದಲ್ಲಿ. ರಕ್ತದ ಬಾಟಲಿ ಮಷಿನ್‌ನಲ್ಲಿಟ್ಟು, ಅದು ಪಾಸಿಟಿವ್ ಅಂತ ಕೂಗಿ, ನಾವು ರೋಗಾಣು ಗುರುತಿಸಿ, ಯಾವ ಔಷಧ ಹಿಡಿಯುತ್ತದೆ ಅಂತ ನೋಡುವಷ್ಟರಲ್ಲಿ ಸಾಮಾನ್ಯವಾಗಿ ಎರಡು ಮೂರು ದಿನ ಆಗುತ್ತದೆ. ಆ ತನಕ ಡಾಕ್ಟರು ಅಂದಾಜಿನ ಮೇಲೆ ಔಷಧ ಕೊಡುತ್ತಿರುತ್ತಾರೆ. ಅಂದಾಜು ತಪ್ಪಿದರೆ ಅಷ್ಟು ದಿನ ಚಿಕಿತ್ಸೆ ಇಲ್ಲದ ಹಾಗೆಯೇ. ಹಾಗಾಗಿ ರಿಪೋರ್ಟ್ ಬಂದ ದಿನವೇ ಔಷಧ ಬದಲಾಯಿತಾ ಅಂತ ಕೇಳಿ. ಇದು ಮೊದಲ ಪ್ರಶ್ನೆ.

ಇನ್ನು ಎಮ್‌ಐಸಿ ಅಂತ ಒಂದು ಕಾಲಮ್ ಇರುತ್ತದೆ, ಅಲ್ವಾ? ರೋಗಾಣು ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಔಷಧದ ಪ್ರಮಾಣ ಅದು. ಎಲ್ಲಿ ಅಂಕಿ ಚಿಕ್ಕದೋ ಅದೇ ಒಳ್ಳೆ ಔಷಧ ಅಂತ ಎಷ್ಟೋ ಸಂಬಂಧಿಕರು ಬೆರಳಿಟ್ಟು ತೋರಿಸುತ್ತಾರೆ. ಒಂದು ಔಷಧದ ಅಂಕಿಯನ್ನು ಇನ್ನೊಂದರ ಅಂಕಿಗೆ ಹೋಲಿಸಲು ಬರೋದಿಲ್ಲ. ಪ್ರತಿ ಔಷಧಕ್ಕೂ ಅದರದ್ದೇ ಮಿತಿ ಇದೆ. ಟೈಗೆಸೈಕ್ಲಿನ್ ಮುಂದೆ ಚಿಕ್ಕ ಅಂಕಿ ಕಂಡು ಖುಷಿಪಡುತ್ತಾರೆ. ಆದರೆ ಆ ಔಷಧ ರಕ್ತ ಬಿಟ್ಟು ಅಂಗಾಂಗಗಳಿಗೆ ಹರಡಿಬಿಡುತ್ತದೆ, ರಕ್ತದಲ್ಲಿ ಉಳಿಯೋದು ಕಡಿಮೆ. ರಕ್ತದ ಸೋಂಕಿಗೆ ಅದೊಂದನ್ನೇ ನಂಬೋದು ಕಷ್ಟ. ಕೋಲಿಸ್ಟಿನ್ ಎಂಬ ಔಷಧದ ಮುಂದೆ 'ಎಸ್' (ರೋಗಾಣು ಬಗ್ಗುತ್ತದೆ) ಇಲ್ಲ, 'ಐ' (ಎರಡರ ನಡುವಿನದು) ಇದೆ ಅಂತ ಹೆದರುವವರೂ ಇದ್ದಾರೆ. ಅಮೆರಿಕದ ಮಾನದಂಡ ಪಾಲಿಸುವ ಲ್ಯಾಬ್‌ಗಳು 2020ರಿಂದ ಕೋಲಿಸ್ಟಿನ್‌ಗೆ 'ಎಸ್' ಬರೆಯುವುದೇ ಇಲ್ಲ. ಅದು ಹಳೇ ಔಷಧ, ಕಿಡ್ನಿಗೆ ಭಾರ. ಬೇರೆ ದಾರಿ ಇದ್ದರೆ ಅದನ್ನು ಹಿಡಿಯಲಿ ಅನ್ನೋದು ಉದ್ದೇಶ.

ಬೇರೆ ದಾರಿ ಇದೆಯಾ? ಅದು ರೋಗಾಣು ಔಷಧವನ್ನು ಒಡೆಯುವ ಯಾವ ಕಿಣ್ವ (ಎನ್ಜೈಮ್) ಇಟ್ಟುಕೊಂಡಿದೆ ಅನ್ನುವುದರ ಮೇಲೆ. ನಮ್ಮಲ್ಲಿ ಹೆಚ್ಚಾಗಿ ಕಾಣೋದು ಎನ್‌ಡಿಎಂ ಮತ್ತು ಆಕ್ಸಾ-48 ಜಾತಿಯ ಕಿಣ್ವಗಳು. ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಎಂಬ ದುಬಾರಿ ಇಂಜೆಕ್ಷನ್ ಆಕ್ಸಾ-48 ಇದ್ದರೆ ನಡೆಯುತ್ತದೆ, ಎನ್‌ಡಿಎಂ ಇದ್ದರೆ ಅದೊಂದೇ ಸಾಲದು. ಆಗ ಜತೆಗೆ ಆಸ್ಟ್ರಿಯೋನಾಮ್ ಎಂಬ ಇನ್ನೊಂದು ಆಂಟಿಬಯೋಟಿಕ್ ಸೇರಿಸುತ್ತಾರೆ. ಎನ್‌ಡಿಎಂ ಆಸ್ಟ್ರಿಯೋನಾಮ್ ಅನ್ನು ಒಡೆಯಲಾರದು. ಅದನ್ನು ಒಡೆಯುವ ಉಳಿದ ಕಿಣ್ವಗಳನ್ನು ಅವಿಬ್ಯಾಕ್ಟಮ್ ತಡೆಯುತ್ತದೆ. ಒಂದೊಂದರ ಮುಂದೂ 'ಆರ್' ಇದ್ದು, ಎರಡೂ ಸೇರಿದಾಗ ಕೆಲಸ ಆಗಬಹುದು. ರಿಪೋರ್ಟ್ ಹಾಳೆಯಲ್ಲಿ ಇದು ಕಾಣೋದೇ ಇಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ಲ್ಯಾಬಿನಲ್ಲಿ ನೋಡಿದ್ದಾರಾ, ಕಿಣ್ವದ ಟೆಸ್ಟ್ ಆಗಿದೆಯಾ ಅಂತ ಕೇಳಿ.

ಎನ್‌ಡಿಎಂ ಮುಂಬೈಗೆ ಹೊಸದೇನೂ ಅಲ್ಲ. ಮಾಹಿಮ್‌ನ ಹಿಂದುಜಾ ಆಸ್ಪತ್ರೆಯ ಲ್ಯಾಬಿನವರು 2010ರಲ್ಲೇ ಬರೆದಿದ್ದರು: ಮೆರೋಪೆನೆಮ್ ಗುಂಪಿನ ಔಷಧಗಳಿಗೆ ಬಗ್ಗದ 24 ಮಾದರಿಗಳಲ್ಲಿ 22ರಲ್ಲಿ ಎನ್‌ಡಿಎಂ-1 ಇತ್ತು. ಅವರು ಹುಡುಕಿದರು, ಮುಚ್ಚಿಡದೆ ಹೇಳಿದರು. ನಮ್ಮಲ್ಲಿ ಸೋಂಕೇ ಇಲ್ಲ ಅನ್ನುವ ಆಸ್ಪತ್ರೆಗಿಂತ ಇಂಥ ಕಡೆ ನನಗೆ ನಂಬಿಕೆ ಜಾಸ್ತಿ. ಕಲ್ಚರ್ ಮಾಡದಿದ್ದರೆ ಯಾರ ಲೆಕ್ಕವೂ ಸೊನ್ನೆಯೇ.

ತಪ್ಪು ಯಾರದು ಅನ್ನೋದಕ್ಕೆ ಬರೋಣ. ಸೇರಿ 48 ಗಂಟೆ ಕಳೆದ ಮೇಲೆ ಶುರುವಾದ ಸೋಂಕನ್ನು ಆಸ್ಪತ್ರೆಯಲ್ಲಿ ಹತ್ತಿದ್ದು ಅಂತಲೇ ಲೆಕ್ಕ ಹಾಕುತ್ತೇವೆ. ಆದರೆ ಹತ್ತುವ ದಾರಿ ಒಂದೇ ಅಲ್ಲ. ಕ್ಲೆಬ್ಸಿಯೆಲ್ಲಾ ಎಷ್ಟೋ ಸಲ ರೋಗಿಯ ಕರುಳಿನಲ್ಲೇ ಇರುತ್ತದೆ. ಆಂಟಿಬಯೋಟಿಕ್‌ಗಳು ಉಳಿದ ಬ್ಯಾಕ್ಟೀರಿಯಾ ಕೊಂದ ಮೇಲೆ ಇದಕ್ಕೆ ಜಾಗ ಸಿಗುತ್ತದೆ. ಪಕ್ಕದ ಬೆಡ್‌ನಿಂದ ಸಿಬ್ಬಂದಿಯ ಕೈ ಮೂಲಕವೂ ಬರಬಹುದು. ಆಮೇಲೆ ವೆಂಟಿಲೇಟರ್ ಪೈಪ್, ಮೂತ್ರದ ಪೈಪ್, ಕತ್ತಿನ ದೊಡ್ಡ ರಕ್ತನಾಳಕ್ಕೆ ಹಾಕಿದ ಪೈಪ್ ಅಂದರೆ ಸೆಂಟ್ರಲ್ ಲೈನ್, ಇವುಗಳಲ್ಲಿ ಯಾವುದರಿಂದಾದರೂ ರಕ್ತ ಸೇರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಆ ಸೆಂಟ್ರಲ್ ಲೈನ್. ಸಂಬಂಧಿಕರು ಅದರ ಬಗ್ಗೆ ಕೇಳೋದೇ ಇಲ್ಲ, ಬರೀ ಸ್ಟ್ರಾಂಗ್ ಔಷಧ ಕೊಡಿ ಅಂತಾರೆ. ಕೊಂಕಣದ ಮಳೆಗಾಲದಲ್ಲಿ ಮೆಟ್ಟಿಲಿಗೆ ಪಾಚಿ ಹಿಡಿದ ಹಾಗೆ ಲೈನ್‌ನ ಒಳಗೋಡೆಗೆ ರೋಗಾಣುಗಳು ಪದರ ಕಟ್ಟುತ್ತವೆ. ಮೇಲಿಂದ ಎಂಥಾ ಔಷಧ ಹರಿಸಿದರೂ ಪದರದ ಅಡಿ ಇರುವವು ಉಳಿದುಕೊಳ್ಳುತ್ತವೆ. ಲೈನ್ ಯಾವ ದಿನ ಹಾಕಿದ್ದು? ಇನ್ನೂ ಬೇಕಾ? ತೆಗೆಯಬಹುದಾ, ಬದಲಿಸಬಹುದಾ? ಕೇಳಿ.

ಸೋಂಕಿನ ಮೂಲ ಲೈನೇ ಅಂತ ತಿಳಿಯಲು ಒಂದು ಜಾಣತನದ ಉಪಾಯವಿದೆ. ಲೈನಿನಿಂದಲೂ ಕೈಯ ನರದಿಂದಲೂ ಒಂದೇ ಹೊತ್ತಿಗೆ ರಕ್ತ ತೆಗೆಯುತ್ತಾರೆ. ಲೈನಿನ ಬಾಟಲಿ ಎರಡು ಗಂಟೆ ಅಥವಾ ಅದಕ್ಕಿಂತ ಮೊದಲೇ ಪಾಸಿಟಿವ್ ಆದರೆ ಬೊಟ್ಟು ಲೈನಿನ ಕಡೆಗೇ. ಒಂದೊಂದು ಬಾಟಲಿಗೆ 8ರಿಂದ 10 ಮಿಲಿ ರಕ್ತ ಬೇಕು. ಇಷ್ಟು ರಕ್ತ ಯಾಕೆ ಹೀರ್ತೀರಿ ಅಂತ ದಯವಿಟ್ಟು ನರ್ಸ್ ಹತ್ತಿರ ಜಗಳ ಆಡಬೇಡಿ. ಕಡಿಮೆ ಹಾಕಿದರೆ ರೋಗಾಣು ಸಿಗದೇ ಹೋಗಬಹುದು.

ತಡೆಯಲು ಆಗುತ್ತಾ? ಬಹಳ ಮಟ್ಟಿಗೆ ಆಗುತ್ತದೆ. ಅಮೆರಿಕದ ಮಿಶಿಗನ್‌ನಲ್ಲಿ ನೂರಕ್ಕೂ ಹೆಚ್ಚು ಐಸಿಯುಗಳು ಐದು ಸಾದಾ ಕ್ರಮ ಹಿಡಿದವು. ಕೈ ತೊಳೆಯುವುದು, ಲೈನ್ ಹಾಕುವಾಗ ಪೂರ್ತಿ ಬಟ್ಟೆ ಹೊದಿಸುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಚರ್ಮ ಒರೆಸುವುದು, ತೊಡೆಯ ಸಂದಿಯ ಲೈನ್ ತಪ್ಪಿಸುವುದು, ಬೇಡವಾದ ಲೈನ್ ತೆಗೆಯುವುದು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಲೈನ್ ಸೋಂಕಿನ ಮಧ್ಯಮಾಂಕ ಸಾವಿರ ಲೈನ್-ದಿನಕ್ಕೆ (ಒಬ್ಬ ರೋಗಿಗೆ ಲೈನ್ ಇದ್ದ ಒಂದು ದಿನ ಅಂದರೆ ಒಂದು ಲೈನ್-ದಿನ) 2.7 ಇದ್ದದ್ದು ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಿತು. ಹಾಗಾಗಿ ಸಿಟ್ಟಿನಲ್ಲಿ ಯಾರ ತಪ್ಪು ಅಂತ ಕೇಳುವ ಬದಲು, ಈ ಕ್ರಮಗಳು ನಿಮ್ಮಲ್ಲಿ ಹೇಗೆ ನಡೆಯುತ್ತವೆ ಅಂತ ಕೇಳಿ. ಉತ್ತರ ತಡವರಿಸಿದರೆ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಕಡೆಯಿಂದಲೂ ಒಂದು ಮಾತು. ಬೆಡ್ ಮುಟ್ಟುವ ಮೊದಲು, ಆಮೇಲೆ ಕೈಗೆ ಸ್ಯಾನಿಟೈಸರ್ ಹಾಕಿ. ದಿಂಬಿನಡಿ ಅಂಗಾರ, ಮಂತ್ರಾಕ್ಷತೆ, ಬಾಯಿಗೆ ತೀರ್ಥ ಬೇಡ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಸಾಗಿಸುವ ವಿಷಯ. ಬಿಪಿ ಔಷಧದ ಮೇಲೆ ನಿಂತಿದ್ದರೆ ಮುಂಬೈ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಪಯಣವೇ ಅಪಾಯ. ಸೋಂಕು ತಜ್ಞರು ಈ ಆಸ್ಪತ್ರೆಗೇ ಬಂದು ನೋಡಬಹುದಾ ಅಂತ ಮೊದಲು ವಿಚಾರಿಸಿ. ಸಾಗಿಸಲೇಬೇಕಾದರೆ ಕಲ್ಚರ್ ರಿಪೋರ್ಟ್, ಈವರೆಗೆ ಕೊಟ್ಟ ಆಂಟಿಬಯೋಟಿಕ್‌ಗಳ ಪಟ್ಟಿ, ಲೈನ್ ಹಾಕಿದ ತಾರೀಕು, ಎಲ್ಲವನ್ನೂ ಹೊರಡುವ ಮುಂಚೆಯೇ ಆ ಆಸ್ಪತ್ರೆಗೆ ಕಳಿಸಿ. ಬೆಡ್ ಕೊಡೋದಿಲ್ಲ ಅಂದಾರು ಅಂತ ಕೆಲವರು ಈ ರಿಪೋರ್ಟ್ ಮುಚ್ಚಿಡುತ್ತಾರೆ. ಆಗ ಅಲ್ಲಿನವರು ಪ್ರತ್ಯೇಕ ರೂಮ್ ಕೊಡೋದಿಲ್ಲ, ಮತ್ತೆ ಮೆರೋಪೆನೆಮ್‌ನಿಂದಲೇ ಶುರು ಮಾಡುತ್ತಾರೆ. ಹೊಸ ಕಲ್ಚರ್ ಬರುವ ತನಕ ಮಾವನವರಿಗೆ ಮತ್ತೆ ಎರಡು ಮೂರು ದಿನ ಹಾಳು.