ಫೋರ್ತೂನಿಯ ಮದುವೆ ಚಿತ್ರದ ಬಗ್ಗೆ ಬರೆದವರಿಗೆ

ಮಾನ್ಯರೇ,

ಸ್ಪೇನಿನ ಕಲಾವಿದ ಮರಿಯಾನೋ ಫೋರ್ತೂನಿಯ 'ಲಾ ವಿಕಾರಿಯಾ' (ಚರ್ಚಿನ ಕಚೇರಿ) ಚಿತ್ರದ ಮೇಲೆ ನೀವು ಬರೆದ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇವೆ.

ಮೊದಲು ಸಣ್ಣ ತಪ್ಪುಗಳು. ಚಿತ್ರ ಇರುವುದು ಮ್ಯಾಡ್ರಿಡ್‌ನ ಪ್ರಾದೋ ಸಂಗ್ರಹಾಲಯದಲ್ಲಲ್ಲ, ಬಾರ್ಸಿಲೋನಾದ ಕತಲಾನ್ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ. ವೆನಿಸ್‌ನಲ್ಲಿ ನೆರಿಗೆಯ ರೇಷ್ಮೆ ಉಡುಪುಗಳಿಂದ ಹೆಸರಾದ ಫೋರ್ತೂನಿ ಇವನಲ್ಲ, 1871ರಲ್ಲಿ ಹುಟ್ಟಿದ ಇವನ ಮಗ. ಅಪ್ಪ 1874ರಲ್ಲೇ, 36ನೇ ವಯಸ್ಸಿಗೆ, ರೋಮ್‌ನಲ್ಲಿ ತೀರಿಕೊಂಡ. ಇಬ್ಬರದೂ ಒಂದೇ ಹೆಸರಾದ್ದರಿಂದ ಹುಡುಕಿದಾಗ ಇಬ್ಬರ ಸಂಗತಿಯೂ ಬೆರೆತೇ ಸಿಗುತ್ತದೆ. ಪ್ರತಿ ಸಲವೂ ಇಸವಿ ನೋಡಿಕೊಳ್ಳಿ.

'ಬೃಹತ್ ಕ್ಯಾನ್ವಾಸ್' ಎಂದಿರುವುದು ಮಾತ್ರ ಸಣ್ಣ ತಪ್ಪಲ್ಲ. ಇದು ಮರದ ಹಲಗೆಯ ಮೇಲಿನ ತೈಲಚಿತ್ರ. ಎತ್ತರ 60 ಸೆಂ.ಮೀ., ಅಗಲ ಸುಮಾರು 93. ಕೈಯಳತೆಯಲ್ಲಿ ನಿಂತು, ಬಗ್ಗಿ ನೋಡಲೆಂದೇ ಮಾಡಿದ್ದು. 'ಸಭೆಯೊಳಗೆ ನಾವೇ ನಡೆದುಹೋದಂತೆ' ಎಂದು ನೀವು ಕಟ್ಟಿದ ಇಡೀ ಭಾಗ ಇಲ್ಲೇ ಕುಸಿಯುತ್ತದೆ. ಇದೇ ಫೋರ್ತೂನಿಗೆ ಬಾರ್ಸಿಲೋನಾದ ಪ್ರಾಂತೀಯ ಆಡಳಿತ ಮೊರಾಕ್ಕೋ ಯುದ್ಧದ ಚಿತ್ರ ಬರೆಯುವ ಕೆಲಸ ಕೊಟ್ಟಿತ್ತು. ಆ ಚಿತ್ರ, 'ತೆತುವಾನ್ ಕದನ', ಒಂಬತ್ತು ಮೀಟರಿಗೂ ಹೆಚ್ಚು ಅಗಲ. ಅದನ್ನು ಅವನು ಮುಗಿಸಲೇ ಇಲ್ಲ, ಪಡೆದ ಹಣವನ್ನೂ ಹಿಂದಿರುಗಿಸಿದ. ಈ ಪುಟ್ಟ ಹಲಗೆಯೋ, 1870ರಲ್ಲಿ ಪ್ಯಾರಿಸ್ಸಿನ ಚಿತ್ರವ್ಯಾಪಾರಿ ಗೂಪಿಲ್ ಮಳಿಗೆಯ ಮೂಲಕ 70,000 ಫ್ರಾಂಕಿಗೆ ಹೋಯಿತು. ಯಾರು ಏನನ್ನು ಕೊಳ್ಳುತ್ತಿದ್ದರು ಎಂಬುದು ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಅದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ.

'ತನ್ನ ಕಾಲದ ಸಿರಿವಂತರ ಕನ್ನಡಿ' ಎಂಬ ಮಾತೂ ನಿಲ್ಲುವುದಿಲ್ಲ. ಅಲ್ಲಿರುವವರ ಉಡುಪು ಅವನ ಕಾಲಕ್ಕಿಂತ ಹಿಂದಿನ ಶತಮಾನದ್ದು. ಕೊಳ್ಳುವವರಿಗೆ ಬೇಕಿದ್ದದ್ದು ಆ ಹಳೆಯ ಕಾಲದ ಸೊಗಸು, ಫೋರ್ತೂನಿಗೆ ಅದು ಗೊತ್ತಿತ್ತು.

ಈಗ ಮುಖ್ಯ ವಿಷಯ. ಇದನ್ನು 'ಪ್ರೇಮದ ಪರಾಕಾಷ್ಠೆ' ಎಂದು ಕರೆದಿದ್ದೀರಿ. ಚಿತ್ರದಲ್ಲಿ ಪ್ರೇಮ ಎಲ್ಲಿದೆ? ಚರ್ಚಿನ ಕಚೇರಿಯಲ್ಲಿ ಮದುವೆಯ ಕಾಗದಕ್ಕೆ ಸಹಿ ಬೀಳುತ್ತಿದೆ. ವಯಸ್ಸಾದ ವರ ಮೇಜಿನ ಮೇಲೆ ಬಗ್ಗಿದ್ದಾನೆ. ಎಳೆಯ ವಧು ಬೀಸಣಿಗೆ ಹಿಡಿದು ಗೆಳತಿಯ ಕಡೆ ತಿರುಗಿದ್ದಾಳೆ. ಬಲಗಡೆ ಗೂಳಿಕಾಳಗದವನೊಬ್ಬ ಜೊತೆಯವಳೊಂದಿಗೆ ಕೂತಿದ್ದಾನೆ. ಅರೆಬೆತ್ತಲೆ ಮನುಷ್ಯನೊಬ್ಬ ತಟ್ಟೆ ಹಿಡಿದು ಸತ್ತವರ ಆತ್ಮಗಳ ಹೆಸರಲ್ಲಿ ಕಾಣಿಕೆ ಕೇಳುತ್ತಿದ್ದಾನೆ. ಇದು ವ್ಯವಹಾರ, ಅದರ ಮೇಲೆ ರೇಷ್ಮೆ ಹೊದಿಸಿದೆ ಅಷ್ಟೆ. ನೀವು ನಾಲ್ಕು ಪ್ಯಾರಾ ವಧುವಿನ ಉಡುಪಿಗೇ ಕೊಟ್ಟು ಸಹಿ ಹಾಕುವ ಕೈಯನ್ನೇ ಬಿಟ್ಟಿದ್ದೀರಿ.

ಉಡುಪಿನ ಬಗ್ಗೆ ಬರೆಯಬೇಡಿ ಎಂದಲ್ಲ. ನಿಮ್ಮ ಸಾಲು: 'ಮನಮೋಹಕ ರೇಷ್ಮೆ ಸಾಕ್ಷಾತ್ ಕಣ್ಮುಂದೆ ಹೊಳೆಯುತ್ತದೆ.' ಇದನ್ನು ಯಾವ ಚಿತ್ರಕ್ಕಾದರೂ ಅಂಟಿಸಬಹುದು. ಬದಲಿಗೆ: 'ಹಿಂದಿನ ಗೋಡೆ, ಕಬ್ಬಿಣದ ಜಾಲರಿ ಮಂಕಾಗಿವೆ, ಬೆಳಕೆಲ್ಲ ಬಟ್ಟೆಗಳ ಮೇಲೆ. ಹತ್ತಿರ ಹೋದರೆ ಬಣ್ಣದ ಪುಟ್ಟ ಚುಕ್ಕೆಗಳು, ಒಂದು ಹೆಜ್ಜೆ ಹಿಂದೆ ಸರಿದರೆ ಬಟ್ಟೆ.' ಹೀಗೆ ಬರೆದರೆ ಹೊಳಪು ಹೇಗೆ ಹುಟ್ಟುತ್ತದೆಂದು ಓದುಗನಿಗೆ ತಿಳಿಯುತ್ತದೆ, 'ಮನಮೋಹಕ' ಬೇಕಾಗುವುದಿಲ್ಲ.

ತಿದ್ದುವ ಮೊದಲು ಚಿತ್ರದ ದೊಡ್ಡ ಪ್ರತಿ ತೆರೆದು, ಪ್ರತಿಯೊಬ್ಬರೂ ಯಾರನ್ನು ನೋಡುತ್ತಿದ್ದಾರೆಂದು ಒಂದು ಹಾಳೆಯಲ್ಲಿ ಗೀಚಿಕೊಳ್ಳಿ. ಆ ಹಾಳೆಯಿಂದಲೇ ಲೇಖನ ಶುರುವಾಗಲಿ. 1867ರಲ್ಲಿ ಸೆಸಿಲಿಯಾ ಮದ್ರಾಸೋಳೊಂದಿಗೆ ನಡೆದ ಅವನ ಮದುವೆಯ ಸಂಗತಿ ಎರಡು ಸಾಲಿಗೆ ಇಳಿಯಲಿ. ಫ್ರೆಂಚ್ ಬರಹಗಾರ ಗೋತಿಯೇ ಚಿತ್ರವನ್ನು ಹೊಗಳಿದ್ದು ನಿಜ, ಆದರೆ ನೀವು ಉದ್ಧರಣ ಚಿಹ್ನೆಯೊಳಗೆ ಇಟ್ಟ ಮಾತು ಎಲ್ಲಿಯದೆಂದು ಹೇಳಿಲ್ಲ. ಮೂಲ ತೋರಿಸಿ, ಇಲ್ಲವೇ ತೆಗೆಯಿರಿ. ರವಿವರ್ಮನ ಹೋಲಿಕೆ ಬೇಡವೇ ಬೇಡ. ಇಬ್ಬರೂ ರೇಷ್ಮೆಯನ್ನು ಚೆನ್ನಾಗಿ ಬರೆದರು ಎಂಬುದರಾಚೆ ಅದರಲ್ಲಿ ಹುರುಳಿಲ್ಲ. ಒಟ್ಟು 1,800 ಪದಗಳಿವೆ, 1,000ಕ್ಕೆ ಇಳಿಸಿ.

ಇನ್ನೊಂದು: ಜೊತೆಗೆ ಕಳಿಸಿದ ಚಿತ್ರದ ಬಲತುದಿ ಕತ್ತರಿಸಿಹೋಗಿದೆ, ಗೂಳಿಕಾಳಗದವನೇ ಕಾಣುತ್ತಿಲ್ಲ. ಪೂರ್ತಿ ಚಿತ್ರ ಕಳಿಸಿ.

— ಸಂಪಾದಕ