ಮನೆ ಪತ್ರದಲ್ಲಿ 'ಬಿಳಿಯರಿಗೆ ಮಾತ್ರ' ಎಂದಿದೆ, ಏನು ಮಾಡಲಿ?

ಪ್ರಶ್ನೆ: ಅಮೆರಿಕದ ಸಿಯಾಟಲ್‌ನಲ್ಲಿ ಹಳೇ ಮನೆಯೊಂದನ್ನು ಕೊಂಡೆವು. ದಾಖಲೆಗಳಲ್ಲಿ 1920ರ ದಶಕದ ಒಂದು ಷರತ್ತು ಸಿಕ್ಕಿತು: ಬಿಳಿಯರಲ್ಲದವರು ಇಲ್ಲಿ ವಾಸಿಸಕೂಡದು, ಮನೆಗೆಲಸದವರಾದರೆ ಅಡ್ಡಿಯಿಲ್ಲ. ಊರಿಂದ ಬಂದಿರುವ ಅಮ್ಮನಿಗೆ ಓದಿ ಹೇಳಿದೆ. ಆಮೇಲೆ ಅವರು ಮಾತೇ ಆಡಲಿಲ್ಲ. ಇದರಿಂದ ನಮಗೆ ತೊಂದರೆಯಿದೆಯೇ? ನೋಂದಣಿಯಲ್ಲಿ 'ಕವನೆಂಟ್' (ಇಂಥ ಷರತ್ತಿಗೆ ಇಂಗ್ಲಿಷಿನ ಹೆಸರು) ಹೆಸರಿನಲ್ಲಿ 100 ಡಾಲರ್ ಬೇರೆ ಹಿಡಿದಿದ್ದಾರೆ. ನಾವು ಬಂದದ್ದೇ 2014ರಲ್ಲಿ. ಯಾರೋ ಮಾಡಿದ ತಪ್ಪಿಗೆ ನಾವೇಕೆ ತೆರಬೇಕು?

ಉತ್ತರ: ಮನೆ ನಿಮ್ಮದೇ, ಹೆದರಬೇಡಿ. ಆ ಷರತ್ತಿಗೆ ಈಗ ಕವಡೆ ಕಿಮ್ಮತ್ತಿಲ್ಲ. ಇಂಥವನ್ನು ಯಾವ ಕೋರ್ಟೂ ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲೇ ಹೇಳಿತು. 1968ರ ಫೇರ್ ಹೌಸಿಂಗ್ ಕಾಯ್ದೆ ವಸತಿಯಲ್ಲಿ ವರ್ಣಭೇದವನ್ನೇ ನಿಷೇಧಿಸಿತು. ಕೌಂಟಿಯ ನೋಂದಣಿ ಕಚೇರಿಯಲ್ಲಿ ತಿದ್ದುಪಡಿ ಪತ್ರ ಸಲ್ಲಿಸಿ, ಷರತ್ತು ಅಸಿಂಧು ಎಂದು ದಾಖಲು ಮಾಡಿಸಬಹುದು. ಶುಲ್ಕವಿಲ್ಲ. ಆ ಪತ್ರ ಕೈಗೆ ಬಂದ ದಿನ ಅದನ್ನೂ ಅಮ್ಮನಿಗೆ ಓದಿ ಹೇಳಿ.

ಇನ್ನು 100 ಡಾಲರ್. ಷರತ್ತು ಸತ್ತಿದೆ, ಅದು ಮಾಡಿದ ನಷ್ಟ ಸತ್ತಿಲ್ಲ. 1930ರ ದಶಕದಲ್ಲಿ ಫೆಡರಲ್ ಸಂಸ್ಥೆಯೊಂದು ತಯಾರಿಸಿದ ನಕ್ಷೆಯಲ್ಲಿ, ಕಪ್ಪು ವರ್ಣೀಯರು ನೆಲೆಸಿದ್ದ ಸಿಯಾಟಲ್‌ನ ಸೆಂಟ್ರಲ್ ಡಿಸ್ಟ್ರಿಕ್ಟ್ ಬಡಾವಣೆಗೆ ಕೆಂಪು ಬಣ್ಣ ಬಳಿದಿದ್ದರು. ಸಾಲ ಕೊಟ್ಟರೆ ಅಪಾಯ ಎಂಬ ಗುರುತು ಅದು. ಬೇರೆ ಕಡೆ ಹೋಗೋಣವೆಂದರೆ ನಿಮ್ಮ ಪತ್ರದಲ್ಲಿರುವಂಥ ಷರತ್ತು ಅಡ್ಡ. ಗೃಹಸಾಲಕ್ಕೆ ವಿಮೆ ಕೊಡುತ್ತಿದ್ದ ಸರ್ಕಾರಿ ಇಲಾಖೆಯ ಕೈಪಿಡಿಯೇ ಅಂಥ ಷರತ್ತುಗಳನ್ನು ಶಿಫಾರಸು ಮಾಡುತ್ತಿತ್ತು! ಅಪ್ಪ ಕೊಂಡಿಟ್ಟ ಒಂದು ಸೈಟು ಮಕ್ಕಳ ಓದು, ಮದುವೆ, ವ್ಯಾಪಾರಕ್ಕೆಲ್ಲ ಹೇಗೆ ಆಸರೆಯಾಗುತ್ತದೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಆ ಆಸರೆಯೇ ಈ ಕಪ್ಪು ವರ್ಣೀಯರ ಮೊಮ್ಮಕ್ಕಳಿಗೆ ಇಲ್ಲದಾಯಿತು.

ಹಾಗಾಗಿ ಆ 100 ಡಾಲರ್ ನಿಮಗೆ ಹಾಕಿದ ದಂಡವಲ್ಲ, ಆ ನಷ್ಟ ತುಂಬಲು ಹಿಡಿದ ಹಣ. 1964ರಲ್ಲಿ ಸಿಯಾಟಲ್ ಮತದಾರರು ವಸತಿಯಲ್ಲಿ ಭೇದ ತಡೆಯುವ ಪ್ರಸ್ತಾಪವನ್ನು ಸೋಲಿಸಿದ್ದರು. ಕಪ್ಪು ವರ್ಣೀಯರು ಮತ್ತು ಅವರ ಜೊತೆ ನಿಂತವರು ಪಟ್ಟು ಬಿಡದೆ 1968ರಲ್ಲಿ ಅದನ್ನು ದಕ್ಕಿಸಿಕೊಂಡರು. ನಿಮಗೆ ಆ ಮನೆ ಸಿಕ್ಕಿದ್ದರಲ್ಲಿ ಅವರ ಪಾಲೂ ಇದೆ.

ವಾಷಿಂಗ್ಟನ್ ರಾಜ್ಯದ 2023ರ ಕಾಯ್ದೆಯಂತೆ ಈ ಹಣ ಮೊದಲ ಮನೆ ಕೊಳ್ಳುವವರ ಡೌನ್ ಪೇಮೆಂಟಿಗೆ ಬಡ್ಡಿಯಿಲ್ಲದ ಸಾಲವಾಗಿ ಹೋಗುತ್ತದೆ. ಆದಾಯದ ಮಿತಿಯಿದೆ. ಅರ್ಜಿದಾರರೋ ಅವರ ತಂದೆತಾಯಿ, ಅಜ್ಜ-ಅಜ್ಜಿ, ಮುತ್ತಜ್ಜ-ಮುತ್ತಜ್ಜಿಯೋ 1968ರ ಏಪ್ರಿಲ್ 11ಕ್ಕೆ ಮೊದಲು ಆ ರಾಜ್ಯದಲ್ಲಿದ್ದಿರಬೇಕು. ಅರ್ಹ ಸಮುದಾಯಗಳ ಪಟ್ಟಿಯಲ್ಲಿ ಕಪ್ಪು ವರ್ಣೀಯರು, ಮೂಲನಿವಾಸಿಗಳ ಜೊತೆ ಭಾರತೀಯ ಮೂಲದವರೂ ಇದ್ದಾರೆ. ನೀವು 2014ರಲ್ಲಿ ಬಂದವರಾದ್ದರಿಂದ ನಿಮಗೆ ಅನ್ವಯಿಸದು. ಆದರೆ ಹಳೇ ಕುಟುಂಬದ ನೆರೆಯವರೋ ಸಹೋದ್ಯೋಗಿಯೋ ಇನ್ನೂ ಬಾಡಿಗೆ ಮನೆಯಲ್ಲಿದ್ದರೆ, ರಾಜ್ಯದ ಹೌಸಿಂಗ್ ಫೈನಾನ್ಸ್ ಕಮಿಷನ್‌ನಲ್ಲಿ ವಿಚಾರಿಸಲು ದಯವಿಟ್ಟು ಹೇಳಿ.