ಮೂರನೇ ಟಿಕ್ ಇಲ್ಲ, ಆದರೆ ಬ್ಯಾಕಪ್ ಇದೆ

ಪ್ರಶ್ನೆ: ನಮ್ಮ ಲೇಔಟ್ ಗ್ರೂಪ್‌ಗೆ ಒಂದು ಮೆಸೇಜ್ ಬಂತು. ವಾಟ್ಸ್‌ಆ್ಯಪ್‌ನಲ್ಲಿ ಎರಡು ನೀಲಿ, ಒಂದು ಕೆಂಪು ಟಿಕ್ ಕಂಡರೆ ಸರ್ಕಾರ ನಿಮ್ಮ ಮೇಲೆ ಕ್ರಮ ಕೈಗೊಳ್ಳಬಹುದು, ಮೂರೂ ಕೆಂಪಾದರೆ ಕೋರ್ಟ್ ಸಮನ್ಸ್ ಬರುತ್ತದೆ ಅಂತ. ಓದಿ ಹೆದರಿದ ನಮ್ಮ ಯಜಮಾನರು ಗ್ರೂಪ್‌ನಿಂದಲೇ ಹೊರಬಂದರು. ನಾವು ಬರೆಯುವುದನ್ನು ಸರ್ಕಾರ ನಿಜವಾಗಿ ಓದುತ್ತದೆಯೇ? (ಗೃಹಿಣಿ, ದಾವಣಗೆರೆ)

ಉತ್ತರ: ಮೊದಲು ಯಜಮಾನರನ್ನು ಗ್ರೂಪ್‌ಗೆ ವಾಪಸ್ ಸೇರಿಸಿ. ಈ ಕೆಂಪು ಟಿಕ್ ಕಥೆ ವರ್ಷಗಳಿಂದ ಸುತ್ತುತ್ತಲೇ ಇದೆ. ಕೇಂದ್ರ ಸರ್ಕಾರದ್ದೇ ಆದ ಪತ್ರಿಕಾ ಮಾಹಿತಿ ಕಚೇರಿಯ (ಪಿಐಬಿ) ಫ್ಯಾಕ್ಟ್ ಚೆಕ್ ಅದನ್ನು ಸುಳ್ಳು ಎಂದು ಹೇಳಿದೆ. ಮೂರನೇ ಟಿಕ್ ಅನ್ನುವುದೇ ಇಲ್ಲ. ಅಷ್ಟಕ್ಕೂ ಕದ್ದು ಓದುವವರು ಓದಿದ್ದೇವೆ ಅಂತ ಗುರುತು ಹಾಕಿ ಹೋಗುತ್ತಾರಾ?

ಫೋನ್ ಕದ್ದಾಲಿಕೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಅದೇ ವಿವಾದದಲ್ಲಿ. ಆಗ ಎಲ್ಲ ಮಾತೂ ಟೆಲಿಫೋನ್ ಎಕ್ಸ್‌ಚೇಂಜ್ ಮೂಲಕ ಹೋಗುತ್ತಿತ್ತು. ನಡುವೆ ಕೂತು ಕೇಳಿದರೆ ಸಾಕಿತ್ತು. ಈಗ ವಾಟ್ಸ್‌ಆ್ಯಪ್‌ನಲ್ಲಿ ನಡುವೆ ಕೂತವರಿಗೆ ನೀವು ಬರೆದದ್ದೇನೂ ತಿಳಿಯುವುದಿಲ್ಲ. ನೀವು ತಂಗಿಗೆ ಕಳಿಸಿದ್ದಕ್ಕೆ ನಿಮ್ಮ ಫೋನಿನಲ್ಲೇ ಬೀಗ (ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್) ಬೀಳುತ್ತದೆ. ಅದು ತೆರೆಯುವುದು ನಿಮ್ಮ ತಂಗಿಯ ಫೋನಿನಲ್ಲಿ ಮಾತ್ರ. ಪ್ರತಿ ಮೆಸೇಜ್‌ಗೂ ಹೊಸ ಕೀಲಿ, ಕೆಲಸ ಮುಗಿದ ಮೇಲೆ ಅದು ಅಳಿಸಿಹೋಗುತ್ತದೆ. ಹಾಗಾಗಿ ಇವತ್ತು ಯಾರೋ ಒಂದು ಕೀಲಿ ಕದ್ದರೂ ನಿನ್ನೆಯ ಮಾತು ತೆರೆಯುವುದಿಲ್ಲ. ಸಿಗ್ನಲ್ ಎಂಬ ಇನ್ನೊಂದು ಮೆಸೇಜಿಂಗ್ ಆ್ಯಪ್‌ನವರು ರೂಪಿಸಿದ ಈ ವಿಧಾನವನ್ನು ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಲ್ಲಿ ಎಲ್ಲ ಬಳಕೆದಾರರಿಗೂ ತಂದಿತು. ಸಾದಾ ಎಸ್‌ಎಂಎಸ್‌ಗೆ ಈ ಬೀಗ ಇಲ್ಲ. ಟೆಲಿಗ್ರಾಂನಲ್ಲೂ ಮಾಮೂಲಿ ಚಾಟ್‌ಗೆ ಇಲ್ಲ, ಸೀಕ್ರೆಟ್ ಚಾಟ್ ಅಂತ ಬೇರೆ ತೆರೆಯಬೇಕು. ಇದು ಗೊತ್ತಿಲ್ಲದೆ ಟೆಲಿಗ್ರಾಂ ಜಾಸ್ತಿ ಸುರಕ್ಷಿತ ಅಂದುಕೊಂಡವರು ಬಹಳ ಜನ.

ಹಾಗಾದರೆ ಸರ್ಕಾರಕ್ಕೆ ಏನೂ ಸಿಗುವುದಿಲ್ಲವೇ? ಸಿಗುತ್ತದೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ ಸಹಿ ಹಾಕಿದರೆ ಮಾಹಿತಿ ತೆಗೆಯಲು ಆದೇಶ ಹೊರಡುತ್ತದೆ. ಸಹಕರಿಸದವರಿಗೆ 7 ವರ್ಷದವರೆಗೆ ಜೈಲು. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಇಲಾಖೆ ಇದಕ್ಕಾಗಿ 10 ಸಂಸ್ಥೆಗಳನ್ನು ಹೆಸರಿಸಿತು. ಇಲ್ಲಿ ಗಮನಿಸಿ, ನ್ಯಾಯಾಧೀಶರ ಅನುಮತಿ ಬೇಕಿಲ್ಲ. ಅಧಿಕಾರಿ ಸಹಿ ಹಾಕುತ್ತಾರೆ, ಅಧಿಕಾರಿಗಳ ಸಮಿತಿಯೇ ಅದನ್ನು ಪರಿಶೀಲಿಸುತ್ತದೆ. ನನಗೆ ಕೆಂಪು ಟಿಕ್‌ಗಿಂತ ಇದು ಜಾಸ್ತಿ ಚಿಂತೆಯ ವಿಷಯ.

ಆದೇಶ ಬಂದರೂ ಕಂಪನಿ ಬಳಿ ಇರುವುದನ್ನಷ್ಟೇ ಕೊಡಲು ಸಾಧ್ಯ. ನೀವು ಏನು ಬರೆದಿರಿ ಎನ್ನುವುದು ಅದರ ಬಳಿ ಇಲ್ಲ. ಯಾರ ಜೊತೆ, ಯಾವಾಗ ಸಂಪರ್ಕದಲ್ಲಿದ್ದಿರಿ ಎನ್ನುವ ವಿವರ ವಾಟ್ಸ್‌ಆ್ಯಪ್‌ಗೆ ಸಿಗುತ್ತದೆ. ಸಿಗ್ನಲ್ ಅದನ್ನೂ ಇಟ್ಟುಕೊಳ್ಳುವುದಿಲ್ಲ. 2016ರಲ್ಲಿ ಅಮೆರಿಕದ ಕೋರ್ಟ್ ಎರಡು ನಂಬರುಗಳ ವಿವರ ಕೇಳಿದಾಗ, ಸಿಗ್ನಲ್ ಖಾತೆ ಇದ್ದ ಒಂದರ ಬಗ್ಗೆ ಅವರು ಕೊಟ್ಟದ್ದು ಎರಡೇ ಸಂಗತಿ: ಖಾತೆ ತೆರೆದದ್ದು ಯಾವಾಗ, ಕೊನೆಯ ಸಲ ಬಂದದ್ದು ಯಾವಾಗ.

ನಿಜವಾದ ತೂತು ಬೇರೆ ಕಡೆ ಇದೆ. ನಿಮ್ಮ ಚಾಟ್‌ಗಳು ರಾತ್ರಿ ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಬ್ಯಾಕಪ್ ಆಗುತ್ತವಲ್ಲ, ಆ ಪ್ರತಿಗೆ ಈ ಬೀಗ ತಾನಾಗಿ ಬೀಳುವುದಿಲ್ಲ. ಮುಂಬಾಗಿಲಿಗೆ ಮೂರು ಚಿಲಕ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ಒಳಗೆ ಹೋದರೆ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಎಂಬ ಆಯ್ಕೆ ಇದೆ. 2021ರಲ್ಲಿ ಬಂದದ್ದು. ಅದನ್ನು ಆನ್ ಮಾಡಿ, ಪಾಸ್‌ವರ್ಡ್ ಅನ್ನು ಒಂದು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಯಾಕೆ ಹೇಳುತ್ತೇನೆಂದರೆ, ನಾನು ಬರೆದಿಡಲಿಲ್ಲ. ಹೊಸ ಫೋನ್ ತಂದ ದಿನ ಹದಿನೈದು ಸಲ ಏನೇನೋ ಒತ್ತಿದೆ. ಅಜ್ಜಿಯ ವಾಯ್ಸ್ ಮೆಸೇಜ್‌ಗಳೆಲ್ಲ ಹೋದವು. ಬಯ್ಯೋಣವೆಂದರೆ ಯಾರೂ ಇಲ್ಲ. ಕಂಪನಿ ಹತ್ತಿರವೂ ಕೀಲಿ ಇಲ್ಲ ಅನ್ನುವುದು ಅವತ್ತು ಚೆನ್ನಾಗಿ ಮನವರಿಕೆಯಾಯಿತು.

ಪ್ರಶ್ನೆ: ವಾಟ್ಸ್‌ಆ್ಯಪ್ ಸುಳ್ಳು ಸುದ್ದಿಯಿಂದ ಜನ ಸತ್ತಿದ್ದಾರೆ. ಮೊದಲು ಕಳಿಸಿದವನು ಯಾರು ಎಂದು ಪತ್ತೆ ಮಾಡಿ ಅಂತ ಸರ್ಕಾರ ಕೇಳಿದರೆ ತಪ್ಪೇನು? (ನಿವೃತ್ತ ಶಿಕ್ಷಕ, ಕಲಬುರಗಿ)

ಉತ್ತರ: ಮೇಷ್ಟ್ರೇ, ನಿಮ್ಮ ಕೋಪ ನ್ಯಾಯವಾದದ್ದು. 2018ರ ಜುಲೈನಲ್ಲಿ ನಿಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅಂಥ ಘಟನೆಗಳ ಬೆನ್ನಲ್ಲೇ ಈ ಬೇಡಿಕೆ ಜೋರಾಯಿತು. 2021ರ ಐಟಿ ನಿಯಮಗಳಲ್ಲಿ ಅದು ಕಾನೂನೂ ಆಯಿತು. ದೇಶದಲ್ಲಿ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಮೆಸೇಜಿಂಗ್ ಕಂಪನಿ, ಕೆಲವು ಗಂಭೀರ ಅಪರಾಧಗಳಲ್ಲಿ ಆದೇಶ ಬಂದರೆ, ಮೊದಲು ಕಳಿಸಿದವರನ್ನು ಗುರುತಿಸಿಕೊಡಬೇಕು. ಮೆಸೇಜಿನ ಒಳಗಿನದನ್ನು ತೋರಿಸಬೇಕಿಲ್ಲ ಎಂದು ನಿಯಮವೇ ಹೇಳುತ್ತದೆ. ಕೇಳಲು ಸರಿಯಾಗಿಯೇ ಇದೆ, ಅಲ್ವಾ?

ತೊಡಕು ಇರುವುದು ಕೆಲಸ ನಡೆಯುವ ರೀತಿಯಲ್ಲಿ. ಯಾವ ಮೆಸೇಜ್ ಮುಂದೆ ವದಂತಿಯಾಗುತ್ತದೆ ಎಂದು ಕಂಪನಿಗೆ ಮೊದಲೇ ತಿಳಿಯುವುದಿಲ್ಲ. ಹಾಗಾಗಿ ಪ್ರತಿಯೊಬ್ಬರ ಪ್ರತಿ ಮೆಸೇಜ್‌ಗೂ ಒಂದು ಗುರುತು ಹಾಕಿ, ಯಾರದ್ದೆಂದು ಬರೆದಿಡಬೇಕು. ನಿಮ್ಮ ಸೊಸೆ ಡಾಕ್ಟರಿಗೆ ಕಳಿಸಿದ್ದಕ್ಕೂ ಗುರುತು, ನೀವು ಹಳೆಯ ವಿದ್ಯಾರ್ಥಿಗೆ ಕಳಿಸಿದ ಗುಡ್ ಮಾರ್ನಿಂಗ್‌ಗೂ ಗುರುತು. ಒಬ್ಬ ಕಿಡಿಗೇಡಿಗಾಗಿ ಊರವರೆಲ್ಲರ ಬೆರಳಚ್ಚು ತೆಗೆದಿಟ್ಟ ಹಾಗಾಯಿತು.

ಅಷ್ಟು ಮಾಡಿದರೂ ಸಿಗುವವನು ಯಾರು ಯೋಚಿಸಿ. ದುಬೈನಲ್ಲಿ ಯಾರೋ ಒಂದು ಸುಳ್ಳು ವಿಡಿಯೊ ಮಾಡುತ್ತಾರೆ. ನೀವು ಅದನ್ನು ಫೇಸ್‌ಬುಕ್‌ನಲ್ಲಿ ನೋಡಿ, ಡೌನ್‌ಲೋಡ್ ಮಾಡಿ, 'ಇದು ನಿಜವಾ?' ಅಂತ ಮಗನಿಗೆ ಕಳಿಸುತ್ತೀರಿ. ಆ ವಿಡಿಯೊ ವಾಟ್ಸ್‌ಆ್ಯಪ್‌ಗೆ ಬಂದದ್ದು ನಿಮ್ಮಿಂದ. ಮೂಲ ವ್ಯಕ್ತಿ ವಿದೇಶದಲ್ಲಿದ್ದರೆ ಭಾರತದೊಳಗೆ ಮೊದಲು ಕಳಿಸಿದವರೇ ಮೂಲ ಎಂದು ನಿಯಮ ಭಾವಿಸುತ್ತದೆ. ಅಂದರೆ ಪೊಲೀಸರು ಬಾಗಿಲು ತಟ್ಟುವುದು ನಿಮ್ಮ ಮನೆಯದು. ಕಿಲಾಡಿಯಾದವನು ಒಂದು ಅಕ್ಷರ ಬದಲಿಸಿ ಹೊಸ ಮೆಸೇಜ್ ಮಾಡಿ ಜಾರಿಕೊಳ್ಳುತ್ತಾನೆ.

ತಜ್ಞರಲ್ಲೂ ಈ ಬಗ್ಗೆ ಒಮ್ಮತ ಇಲ್ಲ. 2019ರಲ್ಲಿ ಇಂಥದೇ ಪ್ರಕರಣ ಮದ್ರಾಸ್ ಹೈಕೋರ್ಟ್ ಮುಂದೆ ಬಂದಾಗ ಐಐಟಿ ಮದ್ರಾಸ್‌ನ ಪ್ರೊ. ವಿ. ಕಾಮಕೋಟಿ ಇದು ಸಾಧ್ಯ ಎಂದು ವಿಧಾನವನ್ನೇ ಸೂಚಿಸಿದರು. ಐಐಟಿ ಬಾಂಬೆಯ ಪ್ರೊ. ಮನೋಜ್ ಪ್ರಭಾಕರನ್ ಅದು ಉಪಯೋಗಕ್ಕೆ ಬರುವುದಿಲ್ಲ ಎಂದು ವಾದಿಸಿದರು. ನಾನು ಎರಡನೆಯವರ ಕಡೆ. ವಾಟ್ಸ್‌ಆ್ಯಪ್ 2021ರಲ್ಲಿ ಈ ನಿಯಮದ ವಿರುದ್ಧ ದೆಹಲಿ ಹೈಕೋರ್ಟ್‌ಗೆ ಹೋಯಿತು. ಎನ್‌ಕ್ರಿಪ್ಶನ್ ಮುರಿಯಿರಿ ಎಂದರೆ ದೇಶ ಬಿಟ್ಟು ಹೋಗುತ್ತೇವೆ ಎಂದು ಅದರ ವಕೀಲರು 2024ರ ಏಪ್ರಿಲ್‌ನಲ್ಲಿ ಅಲ್ಲಿ ಹೇಳಿದರು. ಅದರ ಅಸ್ತ್ರವೂ ನಮ್ಮವರೇ ತಂದ ತೀರ್ಪು: ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದದ್ದು.

ವದಂತಿಗೆ ಮದ್ದು ಬೇರೆ ಇದೆ. 2018ರಲ್ಲೇ ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗೆ ಮಾತ್ರ ಫಾರ್ವರ್ಡ್ ಎಂದು ಮಿತಿ ಬಂತು. ಇದಕ್ಕೆ ಯಾರ ಮೆಸೇಜನ್ನೂ ಓದಬೇಕಾಗಲಿಲ್ಲ. ಗ್ರೂಪಿನಲ್ಲಿರುವ ಯಾರಾದರೂ ದೂರು ಕೊಟ್ಟು ತಮ್ಮ ಫೋನ್ ತೋರಿಸಿದರೂ ಪೊಲೀಸರಿಗೆ ಸುಳಿವು ಸಿಗುತ್ತದೆ.

ಪ್ರಶ್ನೆ: ಪೊಲೀಸರು ಕೇಳಿದರೆ ಫೋನ್ ಪಾಸ್‌ವರ್ಡ್ ಕೊಡಲೇಬೇಕಾ? (ವಿದ್ಯಾರ್ಥಿ, ಮೈಸೂರು)

ಉತ್ತರ: ದಾರಿಯಲ್ಲಿ ನಿಲ್ಲಿಸಿ ಸುಮ್ನೆ 'ಚಾಟ್ ತೋರಿಸು' ಅಂದರೆ, ಯಾವ ಕೇಸು, ಆದೇಶ ಎಲ್ಲಿದೆ ಎಂದು ವಿನಯದಿಂದಲೇ ಕೇಳಬಹುದು. ತನಿಖೆಯಾದರೆ ವಿಷಯ ಬೇರೆ. ಪಾಸ್‌ವರ್ಡ್ ಕೊಡುವಂತೆ ನ್ಯಾಯಾಲಯ ಆರೋಪಿಗೆ ನಿರ್ದೇಶನ ನೀಡಬಹುದು, ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಆಗುವುದಿಲ್ಲ ಎಂದು 2021ರಲ್ಲಿ ನಮ್ಮ ಹೈಕೋರ್ಟ್ ಹೇಳಿದೆ. ಮರುವರ್ಷ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ ಇದಕ್ಕೆ ಉಲ್ಟಾ ಹೇಳಿತು. ನೀವು ಮೈಸೂರಿನವರು, ನಿಮಗೆ ಲೆಕ್ಕಕ್ಕೆ ಬರುವುದು ಮೊದಲನೆಯದು. ಅಂಥ ಸಂದರ್ಭ ಬಂದರೆ ಮೊದಲು ವಕೀಲರಿಗೆ ಫೋನ್ ಮಾಡಿ. ಅವರ ನಂಬರನ್ನು ಮಾತ್ರ ಫೋನಿನಲ್ಲಷ್ಟೇ ಇಟ್ಟುಕೊಳ್ಳಬೇಡಿ. ಫೋನ್ ಪೊಲೀಸರ ಕೈಗೆ ಹೋದ ಮೇಲೆ ನಂಬರ್ ನೆನಪಿರಬೇಕಲ್ಲ.